ಮೊದಲ ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದೇನೆ, ಮುಂದೇನು?

ಪ್ರಶ್ನೆ: ಕಳೆದ ಶನಿವಾರ ರಾತ್ರಿ ಗೆಳೆಯನ ಮನೆಯ ಪಾರ್ಟಿಯಿಂದ ವಾಪಸ್ ಬರುವಾಗ ಪೊಲೀಸರು ಕಾರು ನಿಲ್ಲಿಸಿ ಊದಿಸಿದರು. 110 ಬಂತು, ಅಂದರೆ 100 ಮಿಲಿ ರಕ್ತದಲ್ಲಿ 110 ಮಿಲಿಗ್ರಾಂ ಆಲ್ಕೋಹಾಲ್. ಎಂಟು ಗಂಟೆಗೆ ಶುರು ಮಾಡಿ ಹನ್ನೆರಡರೊಳಗೆ ಮೂರು ಲಾರ್ಜ್ ವಿಸ್ಕಿ ಕುಡಿದಿದ್ದೆ, ಅಷ್ಟೇ. 70 ಕಿಲೋ ತೂಕದ ಗಂಡಸು ನಾನು, ಗಾಡಿ ನೆಟ್ಟಗೇ ಓಡಿಸುತ್ತಿದ್ದೆ, ಯಾರಿಗೂ ಏನೂ ಆಗಿಲ್ಲ. ಠಾಣೆಗೆ ಕರೆದುಕೊಂಡು ಹೋಗಿ ಬೆಳಗಿನ ಐದಕ್ಕೆ ಬಿಟ್ಟರು. ಲೈಸೆನ್ಸ್ ಇಟ್ಟುಕೊಂಡಿದ್ದಾರೆ. ಮುಂದಿನ ತಿಂಗಳು ಕೋರ್ಟಿಗೆ ಬರಬೇಕು ಅಂತ ಒಂದು ಚೀಟಿ ಕೊಟ್ಟಿದ್ದಾರೆ. ಇದುವರೆಗೆ ನನ್ನ ಮೇಲೆ ಒಂದು ಕೇಸೂ ಇಲ್ಲ. ಜೈಲಾಗುತ್ತಾ? ಕೆಲಸ ಹೋಗುತ್ತಾ? ಮಷೀನ್ ತಪ್ಪು ಅಂತ ವಾದ ಮಾಡಬಹುದಾ? ಹೆಂಡತಿಗೆ ಇನ್ನೂ ಹೇಳಿಲ್ಲ, ಕಾರು ಕೆಟ್ಟಿತ್ತು ಅಂದಿದ್ದೇನೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ಆ ಚೀಟಿ ಹೊರಗೆ ತೆಗೆಯಿರಿ. ಕೋರ್ಟಿನ ತಾರೀಖಿನ ಮೇಲೆ ಮಾತ್ರ ಕಣ್ಣು ಹಾಯಿಸಿ ಮಡಚಿಟ್ಟಿರುತ್ತೀರಿ. ಈಗ ಪೂರ್ತಿ ಓದಿ, ಹಿಂಬದಿಯ ಸಣ್ಣ ಅಕ್ಷರವನ್ನೂ ಬಿಡದೆ.

ಯಾಕೆ ಇಷ್ಟು ಅವಸರ ಅಂದರೆ, ಈ ತರದ ಕೇಸು ಎಷ್ಟೋ ಕಡೆ ಎರಡು ದಾರಿ ಹಿಡಿದು ಹೊರಡುತ್ತದೆ. ಒಂದು ಕೋರ್ಟಿನ ದಾರಿ. ತಪ್ಪು ಸಾಬೀತಾಯಿತಾ, ಶಿಕ್ಷೆ ಏನು ಎಂಬುದು ಅಲ್ಲಿ ತೀರ್ಮಾನ ಆಗುತ್ತದೆ. ಇನ್ನೊಂದು, ಲೈಸೆನ್ಸ್ ಕೊಟ್ಟ ಇಲಾಖೆಯ ದಾರಿ. ಅದು ಕೋರ್ಟಿಗಾಗಿ ಕಾಯುತ್ತಾ ಕೂರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಸಸ್ಪೆಂಡ್ ಮಾಡುವುದನ್ನು ಪ್ರಶ್ನೆ ಮಾಡಬೇಕೆಂದರೆ ಅರೆಸ್ಟ್ ಆದ 10 ದಿನದೊಳಗೆ ಹಿಯರಿಂಗ್ ಕೇಳಬೇಕು. ಹನ್ನೊಂದನೇ ದಿನ ಎದ್ದು ಕೂತರೆ ಬಾಗಿಲು ಮುಚ್ಚಿರುತ್ತದೆ, ಕೋರ್ಟಿನ ತಾರೀಖು ಇನ್ನೂ ಮೂರು ವಾರ ದೂರ ಇದ್ದರೂ ಅಷ್ಟೇ. ನಿಮ್ಮಲ್ಲಿ ಇಂಥ ಗಡುವು ಇದೆಯಾ ಅಂತ ನಾಳೆಯೇ ಒಬ್ಬ ವಕೀಲರನ್ನು ಕೇಳಿ. ನಿಮ್ಮ ಶನಿವಾರದಿಂದ ದಿನ ಓಡುತ್ತಿದೆ.

ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಹಾಗಾಗಿ ಎಲ್ಲ ಕಡೆಗೂ ಒಪ್ಪುವ ಮಾತನ್ನು ಹೇಳುತ್ತೇನೆ. ಕಾನೂನು ಬೇರೆ ಬೇರೆ ಆಗುವಲ್ಲಿ ಹೆಸರು ಹಿಡಿದು ಹೇಳುತ್ತೇನೆ. ನಾನು ವಕೀಲನಲ್ಲ. ಹೀಗೆ ಸಿಕ್ಕಿಬಿದ್ದವರ ಜೊತೆ ಕೂತು ಮಾತಾಡುವ ಆಪ್ತ ಸಮಾಲೋಚಕ. ಎದುರು ಕುರ್ಚಿಯಲ್ಲಿ ಕೂತವರು ಮೊದಲು ಹೇಳುವ ವಾಕ್ಯ ನೀವು ಬರೆದದ್ದೇ: ‘ನೆಟ್ಟಗೇ ಓಡಿಸುತ್ತಿದ್ದೆ.’ ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜೈಲಿನ ಭಯ.

ಕಾಗದದ ಮೇಲೆ ನೋಡಿದರೆ ಹೌದು, ಜೈಲು ಇದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರಲ್ಲಿ ತಿದ್ದುಪಡಿ ಆಗುವ ಮೊದಲು ದಂಡ ಹೆಚ್ಚೆಂದರೆ 2,000 ಇತ್ತು. ಇಂಗ್ಲೆಂಡಿನಲ್ಲೂ ಆರು ತಿಂಗಳವರೆಗೆ ಜೈಲು ಅಂತ ಕಾನೂನು ಹೇಳುತ್ತದೆ, ದಂಡಕ್ಕೆ ಮೇಲ್ಮಿತಿಯೇ ಇಲ್ಲ. ಆದರೆ ಮೊದಲ ಸಲ, ಅಪಘಾತ ಇಲ್ಲ, ಯಾರಿಗೂ ಪೆಟ್ಟಾಗಿಲ್ಲ, ಕಾರಿನಲ್ಲಿ ಮಗು ಇರಲಿಲ್ಲ, ಪೊಲೀಸರ ಜೊತೆ ಕೈ ಕೈ ಮಿಲಾಯಿಸಿಲ್ಲ ಅಂದರೆ, ಸಾಮಾನ್ಯವಾಗಿ ಕೇಸು ದಂಡ ಮತ್ತು ಲೈಸೆನ್ಸ್ ರದ್ದಿನಲ್ಲಿ ಮುಗಿಯುತ್ತದೆ. ಎಲ್ಲ ಕಡೆ ಹಾಗಲ್ಲ. ಅಮೆರಿಕದ ಅರಿಜೋನಾದಲ್ಲಿ ಮೊದಲ ಸಲಕ್ಕೂ ಒಂದಿಷ್ಟು ಜೈಲು ಕಡ್ಡಾಯ. ಜರ್ಮನಿಯಲ್ಲಿ 50 ದಾಟಿದರೆ ದಂಡ, 110 ಮುಟ್ಟಿದರೆ ನೀವು ಹೇಗೆ ಓಡಿಸುತ್ತಿದ್ದಿರಿ ಅಂತ ಕೇಳದೆ ಕ್ರಿಮಿನಲ್ ಕೇಸು. ನಿಮ್ಮ ಅಂಕಿ ಸರಿಯಾಗಿ ಆ ಗೆರೆಯ ಮೇಲೆ ಕೂತಿದೆ.

ನನ್ನನ್ನು ಕೇಳಿದರೆ ಜೈಲಿಗಿಂತ ಜಾಸ್ತಿ ಯೋಚಿಸಬೇಕಾದದ್ದು ಲೈಸೆನ್ಸ್ ಬಗ್ಗೆ. ಇಂಗ್ಲೆಂಡಿನಲ್ಲಿ ಅಪರಾಧ ಸಾಬೀತಾದರೆ ಕಡಿಮೆ ಅಂದರೂ 12 ತಿಂಗಳು ಗಾಡಿ ಮುಟ್ಟುವಂತಿಲ್ಲ. ಅಲ್ಲಿ ಕೋರ್ಟು ಸೂಚಿಸಿದ ಕೋರ್ಸ್ ಮುಗಿಸಿದರೆ ಆ ಅವಧಿಯಲ್ಲಿ ಕಾಲು ಭಾಗದವರೆಗೆ ಕಡಿತ ಸಿಗುತ್ತದೆ. ಕೆನಡಾದಲ್ಲಿ ಮೊದಲ ಸಲಕ್ಕೆ ಕನಿಷ್ಠ 1,000 ಡಾಲರ್ ದಂಡ, ಜೊತೆಗೆ ಒಂದು ವರ್ಷದ ನಿಷೇಧ. ದಂಡ ಒಂದು ದಿನದ ನೋವು. ವರ್ಷಪೂರ್ತಿ ಮಕ್ಕಳನ್ನು ಬಿಡಲು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಕೆಲಸಕ್ಕೆ ಹೋಗಲು ಇನ್ನೊಬ್ಬರ ಮುಖ ನೋಡುವುದು ಬೇರೆಯದೇ ಶಿಕ್ಷೆ.

ಈಗ ನಿಮ್ಮ ಮೂರು ಲಾರ್ಜಿನ ಲೆಕ್ಕಕ್ಕೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ನಾನು ಇದನ್ನು ಎಲ್ಲರ ಜೊತೆಗೂ ಕಾಗದದ ಮೇಲೆ ಮಾಡಿಸುತ್ತೇನೆ.

ಎರಿಕ್ ವಿಡ್ಮಾರ್ಕ್ ಎಂಬ ಸ್ವೀಡನ್ ವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆಯೇ ಒಂದು ಸರಳ ಸೂತ್ರ ಕೊಟ್ಟ. ಕುಡಿದ ಶುದ್ಧ ಆಲ್ಕೋಹಾಲಿನ ತೂಕವನ್ನು ಗ್ರಾಂನಲ್ಲಿ ತೆಗೆದುಕೊಳ್ಳಿ. ಅದನ್ನು ದೇಹದ ತೂಕ ಮತ್ತು ಒಂದು ಗುಣಕದಿಂದ ಭಾಗಿಸಿ. ಗುಣಕ ಗಂಡಸರಿಗೆ ಸುಮಾರು 0.68, ಹೆಂಗಸರಿಗೆ ಸುಮಾರು 0.55. ಒಂದು ಲಾರ್ಜ್ ಅಂದರೆ 60 ಮಿಲಿ. ಸಾಮಾನ್ಯ ವಿಸ್ಕಿಯಾದರೆ ಅದರಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಮೂರಕ್ಕೆ 60 ಗ್ರಾಂ. ನಿಮ್ಮ 70 ಕಿಲೋಗೆ ಹಾಕಿದರೆ 100 ಮಿಲಿ ರಕ್ತದಲ್ಲಿ ಸುಮಾರು 125 ಮಿಲಿಗ್ರಾಂ ಬರುತ್ತದೆ. ಪಿತ್ತಜನಕಾಂಗ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಅದನ್ನು ಕರಗಿಸುತ್ತಾ ಹೋಗುತ್ತದೆ. ನಾಲ್ಕು ಗಂಟೆಗೆ 60 ಕಳೆಯಿರಿ. 65ರ ಆಸುಪಾಸು ಉಳಿಯಬೇಕಿತ್ತು. ನಿಮಗೆ ಬಂದದ್ದು 110.

ನೀವು ಸುಳ್ಳು ಹೇಳಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಸೂತ್ರ ಅಂದಾಜಿನದು. ಒಬ್ಬೊಬ್ಬರ ದೇಹ ಒಂದೊಂದು ತರ. ಆದರೆ ಮನೆಯಲ್ಲಿ ಗೆಳೆಯ ಸುರಿದ ಲಾರ್ಜ್ ಯಾವತ್ತೂ 60 ಮಿಲಿ ಇರುವುದಿಲ್ಲ, ಅಲ್ವಾ? ಪ್ರೀತಿಯಿಂದ ಸುರಿಯುವ ಕೈ ಅಳತೆ ನೋಡುವುದಿಲ್ಲ. ಆ ಮೂರು ಗ್ಲಾಸು 80 ಮಿಲಿಯವು ಅಂದುಕೊಂಡು ಮತ್ತೆ ಲೆಕ್ಕ ಹಾಕಿ. 80 ಗ್ರಾಂ ಆಲ್ಕೋಹಾಲ್, 170ರ ಹತ್ತಿರ ಶುರು, 60 ಕಳೆದರೆ ಸರಿಯಾಗಿ 110. ಮಷೀನ್ ಗ್ಲಾಸು ಎಣಿಸುವುದಿಲ್ಲ, ಗ್ರಾಂ ಎಣಿಸುತ್ತದೆ.

ಇದೇ ಲೆಕ್ಕ ಇನ್ನೊಂದು ವಿಷಯ ಹೇಳುತ್ತದೆ. ಅದನ್ನು ಕೇಳಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಹನ್ನೆರಡಕ್ಕೆ 110 ಇದ್ದರೆ ಬೆಳಗಿನ ಐದಕ್ಕೆ ಇನ್ನೂ 35 ಇರುತ್ತದೆ. ಭಾರತದ ಮಿತಿ 30, ಸ್ವೀಡನ್ ಮತ್ತು ನಾರ್ವೆಯದು 20. ಅಂದರೆ ಠಾಣೆಯಿಂದ ಹೊರಗೆ ಬಂದು, ‘ಸದ್ಯ ಇಳಿದಿದೆ’ ಅಂದುಕೊಂಡು ನೀವೇ ಕಾರು ಓಡಿಸಿಕೊಂಡು ಹೋಗಿದ್ದರೆ, ಈ ದೇಶಗಳಲ್ಲಿ ಅದು ಎರಡನೇ ಕೇಸು. ಕಾಫಿ, ತಣ್ಣೀರ ಸ್ನಾನ, ಓಟ, ವಾಂತಿ, ಯಾವುದೂ ಆ ಗಂಟೆಗೆ 15ನ್ನು 30 ಮಾಡುವುದಿಲ್ಲ. ಕಾಫಿ ಕುಡಿದವನು ಎಚ್ಚರ ಇರುವ ಕುಡುಕ, ಅಷ್ಟೇ ವ್ಯತ್ಯಾಸ.

ಈಗ ‘ನೆಟ್ಟಗೇ ಓಡಿಸುತ್ತಿದ್ದೆ’ಗೆ ಬಂದೆ.

ಆಲ್ಕೋಹಾಲ್ ಮೊದಲು ಕೈಕಾಲನ್ನು ಹಿಡಿಯುವುದಿಲ್ಲ. ಅದು ಮೊದಲು ಕೈ ಹಾಕುವುದು ‘ನಾನು ಸರಿಯಾಗಿದ್ದೇನಾ’ ಅಂತ ಕೇಳಿಕೊಳ್ಳುವ ಜಾಗಕ್ಕೆ. ಹೆಜ್ಜೆ ತೊದಲುವ ಎಷ್ಟೋ ಮೊದಲೇ ಅಂದಾಜು ತಪ್ಪಿರುತ್ತದೆ: ಎದುರು ಗಾಡಿ ಎಷ್ಟು ದೂರ ಇದೆ, ನಮ್ಮ ವೇಗ ಎಷ್ಟು, ಪಕ್ಕದಿಂದ ಯಾರು ಬಂದರು. ಖಾಲಿ ರಸ್ತೆಯಲ್ಲಿ ಗೊತ್ತಿರುವ ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಚಾನಕ್ಕಾಗಿ ಒಂದು ನಾಯಿ ಅಡ್ಡ ಬಂದಾಗ ಮಾತ್ರ ಗೊತ್ತಾಗುತ್ತದೆ. ನೀವು ನೆಟ್ಟಗಿದ್ದೀರಿ ಅಂತ ನೀವು ಅಳೆದಿದ್ದು ಯಾವ ಕೋಲಿನಿಂದ? ಆ ಅಳತೆಗೋಲೇ ಅವತ್ತು ಕುಡಿದಿತ್ತು.

ಕಾನೂನು ಈ ಮಾತನ್ನು ಕೇಳುವುದನ್ನು ಯಾವತ್ತೋ ಬಿಟ್ಟಿದೆ. 1897ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಎಂಬ ಟ್ಯಾಕ್ಸಿ ಚಾಲಕ ಕುಡಿದು ಗಾಡಿಯನ್ನು ಕಟ್ಟಡಕ್ಕೆ ಗುದ್ದಿಸಿದ. ಮೋಟಾರು ಗಾಡಿಯನ್ನು ಕುಡಿದು ಓಡಿಸಿದ್ದಕ್ಕೆ ಮೊದಲು ಶಿಕ್ಷೆ ಆದದ್ದು ಅವನಿಗೇ ಅಂತ ದಾಖಲೆ. 25 ಶಿಲಿಂಗ್ ದಂಡ. ಆಗ ಮಷೀನ್ ಎಲ್ಲಿತ್ತು? ತೂರಾಡಿದನಾ, ತೊದಲಿದನಾ, ವಾಸನೆ ಬಂತಾ ಎಂಬುದೇ ಸಾಕ್ಷಿ. ‘ನಾನು ಚೆನ್ನಾಗಿಯೇ ಓಡಿಸುತ್ತಿದ್ದೆ’ ಎಂಬ ವಾದಕ್ಕೆ ಆ ಕಾಲದಲ್ಲಿ ಬೆಲೆ ಇತ್ತು. 1936ರಲ್ಲಿ ನಾರ್ವೆ ಒಂದು ಅಂಕಿಯನ್ನೇ ಗೆರೆ ಮಾಡಿತು. ರಕ್ತದಲ್ಲಿ ಇಷ್ಟು ದಾಟಿದರೆ ಅಪರಾಧ, ಹೇಗೆ ಓಡಿಸಿದೆ ಅನ್ನುವುದು ಬೇಡ. ಆಮೇಲೆ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಸುಲಭವಾಗಿ ಬಳಸುವ ಬ್ರೆತಲೈಜರ್ ಮಾಡಿದ. 1960ರ ದಶಕದಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರಿನಲ್ಲಿ ಅಪಘಾತ ಆದ ಚಾಲಕರನ್ನೂ ಆಗದವರನ್ನೂ ಹೋಲಿಸಿ ನೋಡಿದ ದೊಡ್ಡ ಅಧ್ಯಯನದ ಹಿಂದೆಯೂ ಅವನೇ ಇದ್ದ. ಅಂಕಿ ಏರಿದಂತೆ ಅಪಾಯ ಹೇಗೆ ಜಿಗಿಯುತ್ತದೆ ಅಂತ ಅದು ತೋರಿಸಿತು. ಬ್ರಿಟನ್ 1967ರಲ್ಲಿ 80ರ ಗೆರೆ ಎಳೆಯಿತು. ಇವತ್ತು ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 80, ಯೂಟಾದಲ್ಲಿ 50, ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ 50. ನಿಮ್ಮ 110 ಈ ಯಾವ ಗೆರೆಯ ಒಳಗೂ ಬರುವುದಿಲ್ಲ. ಹಾಗಾಗಿ ಕೋರ್ಟಿನಲ್ಲಿ ‘ನೆಟ್ಟಗೇ ಓಡಿಸುತ್ತಿದ್ದೆ’ ಅಂತ ದಯವಿಟ್ಟು ಶುರು ಮಾಡಬೇಡಿ. ಅದು ವಾದವೂ ಅಲ್ಲ, ಪಶ್ಚಾತ್ತಾಪವೂ ಅಲ್ಲ. ಎರಡೂ ಕಡೆಯಿಂದ ಕೆಡುತ್ತದೆ.

ಮಷೀನ್ ತಪ್ಪಾಗಬಹುದಾ? ಆಗಬಹುದು. ಉಸಿರಿನಲ್ಲಿರುವ ಆಲ್ಕೋಹಾಲನ್ನು ಅಳೆದು, ಅದಕ್ಕೆ ಒಂದು ಅನುಪಾತ ಹಾಕಿ, ರಕ್ತದ ಅಂಕಿ ಹೇಳುವ ಯಂತ್ರ ಅದು. ಹೆಚ್ಚಾಗಿ ಬಳಸುವ ಅನುಪಾತ 2100ಕ್ಕೆ 1. ಬಾಯಲ್ಲೇ ಉಳಿದ ಆಲ್ಕೋಹಾಲ್ ಇದನ್ನು ಏರಿಸಬಹುದು. ಈಗಷ್ಟೇ ಕುಡಿದಿದ್ದರೆ, ತೇಗಿದ್ದರೆ, ವಾಂತಿ ಆಗಿದ್ದರೆ, ಮೌತ್‌ವಾಶ್ ಹಾಕಿದ್ದರೆ ಹಾಗಾಗುತ್ತದೆ. ಅದಕ್ಕೇ ಊದಿಸುವ ಮೊದಲು 15 ನಿಮಿಷದಷ್ಟು ಕಾಯಬೇಕು ಎಂಬ ಕ್ರಮ ಎಷ್ಟೋ ಕಡೆ ಇದೆ. ಮಷೀನನ್ನು ಕಾಲಕಾಲಕ್ಕೆ ಸರಿಹೊಂದಿಸಿರಬೇಕು. ರಸ್ತೆಯಲ್ಲಿ ಊದಿಸುವ ಕೈ ಯಂತ್ರ ಬೇರೆ, ಠಾಣೆಯಲ್ಲಿರುವ ದೊಡ್ಡ ಯಂತ್ರ ಬೇರೆ. ಬ್ರಿಟನ್ನಿನಲ್ಲಿ ಠಾಣೆಯಲ್ಲಿ ಎರಡು ಸಲ ಊದಿಸಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಭಾರತದಲ್ಲಿ 185ರ ಅಡಿ ವಾರಂಟ್ ಇಲ್ಲದೆ ಅರೆಸ್ಟ್ ಮಾಡಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು ಅಂತ ಕಾನೂನಿನಲ್ಲೇ ಇದೆ.

ಇವೆಲ್ಲ ನಿಮ್ಮ ವಕೀಲರು ನೋಡಬೇಕಾದ ವಿಷಯ. ಕ್ರಮ ತಪ್ಪಿದ್ದರೆ ಅದನ್ನು ಎತ್ತುವುದು ನಿಮ್ಮ ಹಕ್ಕು, ಅದರಲ್ಲಿ ನಾಚಿಕೆ ಇಲ್ಲ. ಆದರೆ 110 ಎಂಬುದು ಒಂದೆರಡು ಅಂಕಿಯ ಹೊಯ್ದಾಟದಲ್ಲಿ ಮಿತಿಯೊಳಗೆ ಬೀಳುವ ಸಂಖ್ಯೆ ಅಲ್ಲ. ಅದರ ಮೇಲೇ ಪೂರ್ತಿ ಆಸೆ ಇಟ್ಟುಕೊಂಡು ಕೂರಬೇಡಿ.

ವಕೀಲರ ಹತ್ತಿರ ಹೋಗುವ ಮೊದಲು ಒಂದು ಕೆಲಸ ಮಾಡಿ. ಅವತ್ತಿನ ರಾತ್ರಿಯನ್ನು ಗಂಟೆ ಗಂಟೆಯಾಗಿ ಬರೆಯಿರಿ. ಯಾವಾಗ ಶುರು ಮಾಡಿದಿರಿ, ಕೊನೆಯ ಗುಟುಕು ಎಷ್ಟೊತ್ತಿಗೆ, ಎಲ್ಲಿ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಎಷ್ಟು ಸಲ ಊದಿಸಿದರು, ಯಾವ ಕಾಗದಕ್ಕೆ ಸಹಿ ಹಾಕಿದಿರಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ. ತಲೆಯ ಮೇಲೆ ‘ನನ್ನ ವಕೀಲರಿಗೆ’ ಅಂತ ಬರೆದು ಅವರಿಗೆ ಮಾತ್ರ ಕೊಡಿ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಇದರ ಕತೆ ಹೇಳಬೇಡಿ. ‘ಮಚ್ಚಾ ಅವತ್ತು ಫುಲ್ ಟೈಟ್’ ಅನ್ನೋ ಒಂದು ಸಾಲು ತಮಾಷೆಗೆ ಹೋಗಿ ಸಾಕ್ಷಿಯಾಗಿ ವಾಪಸ್ ಬರಬಹುದು. ಪೊಲೀಸರನ್ನು ಬೈದು ಪೋಸ್ಟ್ ಹಾಕುವ ಆಸೆಯನ್ನೂ ನುಂಗಿಕೊಳ್ಳಿ.

ಇನ್ನು ‘ಒಂದು ಫೋನ್ ಸಾಕು, ಮುಗಿಸಿಬಿಡೋಣ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಈ ಸುದ್ದಿ ಅವರ ಮೂಗಿಗೆ ಹೇಗೆ ಬಡಿಯುತ್ತದೋ ದೇವರೇ ಬಲ್ಲ. ಲಂಚ ಕೊಟ್ಟರೆ ಒಂದು ಅಪರಾಧ ಇದ್ದಲ್ಲಿ ಎರಡಾಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ವಕೀಲರನ್ನು ಆರಿಸುವಾಗಲೂ ಇದೇ ಅಳತೆ ಇಟ್ಟುಕೊಳ್ಳಿ. ಮೊದಲ ಭೇಟಿಯಲ್ಲೇ ‘ಖಂಡಿತ ಬಿಡಿಸುತ್ತೇನೆ’ ಅಂದವರಿಗಿಂತ, ಕಾಗದ ಪೂರ್ತಿ ಓದಿ ‘ಇದರಲ್ಲಿ ಹೆಚ್ಚೇನೂ ದಾರಿ ಇಲ್ಲ, ಒಪ್ಪಿಕೊಂಡರೆ ಇಂತಿಂಥದ್ದು ಆಗುತ್ತದೆ’ ಅನ್ನುವವರು ಮೇಲು.

ಒಪ್ಪಿಕೊಳ್ಳಬೇಕಾ ಬೇಡವಾ ಎಂಬುದನ್ನು ಅವರ ಜೊತೆಗೇ ತೀರ್ಮಾನ ಮಾಡಿ, ನನ್ನ ಜೊತೆಗಲ್ಲ. ಒಂದು ಮಾತು ಮಾತ್ರ. ‘ದಂಡ ಕಟ್ಟಿ ಮುಗಿಸೋಣ’ ಅಂತ ಅವಸರದಲ್ಲಿ ಒಪ್ಪಿಕೊಂಡರೂ ಅದು ಅಪರಾಧದ ದಾಖಲೆಯೇ. ಇಂಗ್ಲೆಂಡಿನ ಲೈಸೆನ್ಸಿನಲ್ಲಿ ಈ ಗುರುತು 11 ವರ್ಷ ಇರುತ್ತದೆ. ಹತ್ತು ವರ್ಷದೊಳಗೆ ಇನ್ನೊಮ್ಮೆ ಸಿಕ್ಕರೆ ಕನಿಷ್ಠ ನಿಷೇಧ ಒಂದು ವರ್ಷದಿಂದ ಮೂರಕ್ಕೆ ಏರುತ್ತದೆ. ಭಾರತದಲ್ಲಿ ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ. ಮೊದಲ ಕೇಸಿನ ನಿಜವಾದ ತೂಕ ಗೊತ್ತಾಗುವುದು ಎರಡನೆಯದು ಬಂದಾಗ.

ಕೆಲಸದ ವಿಷಯ. ಗಾಡಿ ಓಡಿಸುವುದೇ ನಿಮ್ಮ ಕೆಲಸವಾದರೆ ಮುಚ್ಚಿಡುವ ಮಾತೇ ಇಲ್ಲ, ತಕ್ಷಣ ಹೇಳಬೇಕಾಗುತ್ತದೆ. ವೈದ್ಯರು, ನರ್ಸ್‌ಗಳು, ಪೈಲಟ್‌ಗಳು, ಹೀಗೆ ಲೈಸೆನ್ಸ್ ಮೇಲೆ ನಡೆಯುವ ವೃತ್ತಿಗಳಲ್ಲಿ ತಿಳಿಸಲು ಬೇರೆಯದೇ ಗಡುವು ಇರುತ್ತದೆ. ಅಮೆರಿಕದಲ್ಲಿ ಪೈಲಟ್ ಆದವರು ಇಂಥ ಕ್ರಮ ಆದ 60 ದಿನದೊಳಗೆ ವಿಮಾನಯಾನ ಇಲಾಖೆಗೆ ಬರೆದು ತಿಳಿಸಬೇಕು. ಉಳಿದವರು ಮೊದಲು ತಮ್ಮ ನೇಮಕಾತಿ ಪತ್ರ ತೆಗೆದು ಓದಬೇಕು. ಅರೆಸ್ಟ್ ಆದರೆ ಹೇಳಬೇಕು ಅಂತ ಇದೆಯಾ, ಶಿಕ್ಷೆ ಆದರೆ ಮಾತ್ರ ಹೇಳಬೇಕು ಅಂತ ಇದೆಯಾ? ಎರಡೂ ಬೇರೆ ಬೇರೆ. ಓದುವ ಮೊದಲೇ ಗಾಬರಿಯಲ್ಲಿ ಮೇಲಧಿಕಾರಿಯ ಕ್ಯಾಬಿನ್‌ಗೆ ನುಗ್ಗಬೇಡಿ. ಹಾಗೆಯೇ ಮುಂದೆ ಯಾವ ಫಾರಂನಲ್ಲಾದರೂ ನೇರವಾಗಿ ಕೇಳಿದರೆ ಸುಳ್ಳು ಬರೆಯಬೇಡಿ. ಕೇಸಿನಿಂದ ಹೋಗದ ಕೆಲಸ ಆ ಸುಳ್ಳಿನಿಂದ ಹೋಗಬಹುದು.

ವೀಸಾ ಮೇಲೆ ಬೇರೆ ದೇಶದಲ್ಲಿದ್ದರೆ ಇದು ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ 2015ರಿಂದ, ಶಿಕ್ಷೆ ಆಗುವ ಮೊದಲೇ, ಬರೀ ಅರೆಸ್ಟ್ ಮೇಲೆಯೇ ವೀಸಾ ರದ್ದು ಮಾಡುವ ಅಧಿಕಾರ ಅಲ್ಲಿನ ವಿದೇಶಾಂಗ ಇಲಾಖೆಯ ಅಧಿಕಾರಿಗಳಿಗೆ ಇದೆ. ದೇಶದೊಳಗೆ ಇರುವಷ್ಟು ದಿನ ಸಾಮಾನ್ಯವಾಗಿ ಇರಬಹುದು. ಊರಿಗೆ ಹೋಗಿ ವಾಪಸ್ ಬರಲು ಹೊಸ ವೀಸಾ ಬೇಕು. ಅದಕ್ಕೆ ವೈದ್ಯಕೀಯ ಪರೀಕ್ಷೆಯನ್ನೂ ಕೇಳಬಹುದು. ಕೆನಡಾ 2018ರ ಡಿಸೆಂಬರಿನಲ್ಲಿ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಏರಿಸಿತು. ಅದರಿಂದ, ಪೌರತ್ವ ಇನ್ನೂ ಸಿಗದ ಕಾಯಂ ನಿವಾಸಿಗಳಿಗೂ ವಲಸೆ ಕಾನೂನಿನ ‘ಗಂಭೀರ ಅಪರಾಧ’ದ ಬಿಸಿ ತಟ್ಟುತ್ತದೆ. ನೀವು ಈ ಸ್ಥಿತಿಯಲ್ಲಿದ್ದರೆ ಟ್ರಾಫಿಕ್ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಕಾಣಿ. ಅದೂ ಟಿಕೆಟ್ ಬುಕ್ ಮಾಡುವ ಮೊದಲು, ತಪ್ಪು ಒಪ್ಪಿಕೊಳ್ಳುವ ಮೊದಲು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಚುಟುಕಾಗಿ ಹೇಳುತ್ತೇನೆ. ದಂಡ ಅದರಲ್ಲಿ ಸಣ್ಣ ಪಾಲು. ಗಾಡಿ ವಿಮೆಯ ಕಂತು ಏರುತ್ತದೆ. ವಕೀಲರ ಫೀಸು, ಕೋರ್ಸಿನ ಫೀಸು, ದಿನಾ ಟ್ಯಾಕ್ಸಿ. ಕೆಲವು ಕಡೆ ಕಾರಿಗೆ ಇಂಟರ್‌ಲಾಕ್ ಎಂಬ ಸಾಧನ ಹಾಕಿಸುತ್ತಾರೆ. ಅದಕ್ಕೆ ಊದದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಓಡುತ್ತಿರುವಾಗಲೂ ನಡುನಡುವೆ ಊದು ಅನ್ನುತ್ತದೆ. ಅದರ ಬಾಡಿಗೆಯೂ ನಿಮ್ಮ ತಲೆ ಮೇಲೆಯೇ.

ಹೆಂಡತಿಗೆ ಹೇಳಿ. ಇವತ್ತೇ, ಈ ಪತ್ರ ಓದಿ ಮುಗಿಸಿದ ಮೇಲೆ.

ಇಲ್ಲಿ ನಾನು ಸ್ವಲ್ಪ ಹಟಮಾರಿ. ಕಾರು ಕೆಟ್ಟಿತ್ತು ಅಂದಿರಿ. ಕಾರು ರಿಪೇರಿ ಆಗಲು ಎಷ್ಟು ದಿನ ಬೇಕು? ಆಮೇಲೆ ನೀವು ಯಾಕೆ ಓಡಿಸುತ್ತಿಲ್ಲ ಎಂಬುದಕ್ಕೆ ಇನ್ನೊಂದು ಕತೆ ಬೇಕು. ಕೋರ್ಟಿನಿಂದ ಮನೆಗೆ ಕಾಗದ ಬಂದರೆ ಮೂರನೆಯದು ಬೇಕು. ವಿಮೆ ಕಂತು ಏರಿದಾಗ ನಾಲ್ಕನೆಯದು. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಕೋರ್ಟು ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕೋರ್ಟು ಮುಂದಿನ ತಿಂಗಳಿದೆ. ಈ ಕತೆಯನ್ನು ನೀವು ದಿನಾ ಬೆಳಗ್ಗೆ ಎದ್ದು ಮತ್ತೆ ನಡೆಸಬೇಕು.

ಹೇಳುವಾಗ ಉದ್ದ ಪೀಠಿಕೆ ಬೇಡ. ‘ಅವತ್ತು ಕಾರು ಕೆಟ್ಟಿರಲಿಲ್ಲ. ಕುಡಿದು ಓಡಿಸಿ ಸಿಕ್ಕಿಬಿದ್ದೆ. ಲೈಸೆನ್ಸ್ ಹೋಗಿದೆ, ಇಂಥ ತಾರೀಖು ಕೋರ್ಟಿದೆ. ನಿನಗೆ ಸುಳ್ಳು ಹೇಳಿದೆ.’ ಇಷ್ಟು ಹೇಳಿ ನಿಲ್ಲಿಸಿ. ‘ಎಲ್ಲರೂ ಓಡಿಸುತ್ತಾರೆ’, ‘ಆ ಪೊಲೀಸಿನವನು ಬೇಕು ಅಂತಲೇ’ ಅಂತ ಬಾಲ ಸೇರಿಸಬೇಡಿ. ಅವರು ಬೈಯಬಹುದು, ಅಳಬಹುದು, ಎರಡು ದಿನ ಮಾತೇ ಆಡದಿರಬಹುದು. ಆ ಎರಡು ದಿನ ಅವರದು. ‘ಹೇಳಿದ್ದೀನಲ್ಲ, ಇನ್ನೂ ಯಾಕೆ ಮುಖ ಊದಿಸಿಕೊಂಡಿದ್ದೀಯ’ ಅಂತ ಮಾತ್ರ ಕೇಳಬೇಡಿ. ಮತ್ತೆ, ಇದು ಮೊದಲ ಸಲ ಅಲ್ಲ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ಸಿಕ್ಕಿದ್ದು ಮೊದಲ ಸಲ. ಓಡಿಸಿದ್ದು ಎಷ್ಟನೇ ಸಲ? ಪಕ್ಕದ ಸೀಟಿನಲ್ಲಿ ಕೈ ಬಿಗಿ ಹಿಡಿದು ಕೂತವರು ಎಣಿಸಿಟ್ಟಿರುತ್ತಾರೆ.

ಅಲ್ಲಿಂದಲೇ ಕುಡಿತದ ಮಾತಿಗೆ ಬರಬೇಕು. 110 ಅಂಕಿಯಲ್ಲಿ ಬಹಳ ಜನರಿಗೆ ನಾಲಿಗೆ ತೊದಲುತ್ತದೆ, ನಡಿಗೆ ಅಲುಗಾಡುತ್ತದೆ. ನಿಮಗೆ ಏನೂ ಅನ್ನಿಸಲಿಲ್ಲ ಅಂದಿದ್ದೀರಿ. ಅದನ್ನು ನೀವು ನಿಮ್ಮ ಪರವಾಗಿ ಬರೆದಿರಿ, ನಾನು ಅದನ್ನು ಓದಿ ಪೆನ್ಸಿಲ್ ಗುರುತು ಹಾಕಿಕೊಂಡೆ. ಅಷ್ಟು ಕುಡಿದರೂ ಏನೂ ಅನ್ನಿಸದಿರುವುದು ದೇಹ ಅದಕ್ಕೆ ಒಗ್ಗಿಕೊಂಡಿರುವ ಲಕ್ಷಣ ಇರಬಹುದು. ಒಗ್ಗುವುದು ಒಂದು ಪಾರ್ಟಿಯಲ್ಲಿ ಆಗುವ ಕೆಲಸ ಅಲ್ಲ.

ನಿಮ್ಮನ್ನು ಕುಡುಕ ಅಂತ ನಾನು ಕರೆಯುತ್ತಿಲ್ಲ. ಪತ್ರ ನೋಡಿ ಹಾಗೆ ಹೇಳಲು ಯಾರಿಗೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿದಾಗ ಎಷ್ಟು, ಶುರು ಮಾಡಿದ ಮೇಲೆ ನಿಲ್ಲಿಸಲು ಆಗದೆ ಹೋದದ್ದುಂಟಾ, ಹಿಂದಿನ ರಾತ್ರಿಯದು ಮರೆತು ಹೋಗಿದೆಯಾ, ಮನೆಯವರು ಕಡಿಮೆ ಮಾಡು ಅಂದಿದ್ದಾರಾ, ಈ ತರದವು. 40ಕ್ಕೆ ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರ ಜೊತೆ ಮಾತಾಡಬೇಕು ಅಂತ ಅರ್ಥ. ಯಾರಿಗೂ ತೋರಿಸಬೇಕಿಲ್ಲ, ನಿಜ ಬರೆಯಿರಿ. ಗ್ಲಾಸು ಎಣಿಸುವಾಗ ಗೆಳೆಯನ ಕೈ ಅಳತೆಯನ್ನು ನೆನಪಿಟ್ಟುಕೊಳ್ಳಿ.

ಒಂದು ಎಚ್ಚರಿಕೆ ಇದೆ. ಇಂಥ ಘಟನೆ ಆದ ಮೇಲೆ ‘ಇವತ್ತಿನಿಂದ ಒಂದು ಹನಿಯೂ ಮುಟ್ಟಲ್ಲ’ ಅಂತ ಶಪಥ ಮಾಡುವವರು ಬಹಳ. ನೀವು ಯಾವಾಗಲೋ ಒಮ್ಮೆ ಕುಡಿಯುವವರಾದರೆ ಒಳ್ಳೆಯದೇ. ಆದರೆ ದಿನಾ ಕುಡಿಯುವವರಾಗಿದ್ದು, ಬೆಳಗ್ಗೆ ಕೈ ನಡುಗುವುದು, ಬೆವರುವುದು ಇದ್ದರೆ ಏಕಾಏಕಿ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನದ ಮೇಲೆ ಮಂಕು ಬಡಿದು ಇಲ್ಲದ್ದು ಕಾಣಿಸಬಹುದು. ಜೀವಕ್ಕೇ ಕುತ್ತು. ಅಂಥವರು ವೈದ್ಯರ ಕಣ್ಣೆದುರಿಗೆ ನಿಲ್ಲಿಸಬೇಕು. ನಿಮ್ಮ ನಿದ್ದೆ ಬಾರದಿರುವುದು ಬರೀ ಚಿಂತೆಯಾ, ಅಥವಾ ಶನಿವಾರದಿಂದ ಕುಡಿಯುವುದನ್ನು ನಿಲ್ಲಿಸಿದ್ದೀರಾ ಎಂಬುದನ್ನೂ ವೈದ್ಯರಿಗೆ ಹೇಳಿ.

ಕೋರ್ಟಿಗೆ ಮೊದಲೇ ನೀವಾಗಿ ವೈದ್ಯರನ್ನೋ ಸಮಾಲೋಚಕರನ್ನೋ ಕಂಡಿದ್ದರೆ, ಅದರ ಕಾಗದವನ್ನು ವಕೀಲರಿಗೆ ತೋರಿಸಿ. ಎಲ್ಲ ನ್ಯಾಯಾಧೀಶರೂ ಅದಕ್ಕೆ ಬೆಲೆ ಕೊಡುತ್ತಾರೆ ಅಂತ ಹೇಳಲಾರೆ. ಕೊಡುವವರೂ ಇದ್ದಾರೆ. ಆದರೆ ಬರೀ ಕಾಗದಕ್ಕಾಗಿ ಬಂದು, ಸಹಿ ಹಾಕಿಸಿಕೊಂಡು, ಮೊಬೈಲ್ ನೋಡುತ್ತಾ ಒಂದು ಗಂಟೆ ಕಳೆಯುವವರು ನನಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತಾರೆ. ನನ್ನ ಟೀ ಸುಮ್ನೆ ಆರಿಹೋಗುತ್ತದೆ, ಅಷ್ಟೇ ಲಾಭ.

ಕೋರ್ಟಿನ ದಿನ ಅರ್ಧ ಗಂಟೆ ಮೊದಲೇ ಹೋಗಿ. ಕೊಟ್ಟ ಎಲ್ಲ ಕಾಗದ ಒಂದು ಫೈಲಿನಲ್ಲಿರಲಿ. ಹಿಂದಿನ ರಾತ್ರಿ ‘ಧೈರ್ಯಕ್ಕೆ’ ಒಂದು ಕೂಡ ಬೇಡ, ವಾಸನೆ ಬೆಳಗ್ಗೆವರೆಗೂ ಇರುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ತಾರೀಖು ತಪ್ಪಿಸಿದರೆ ವಾರಂಟ್ ಬರುತ್ತದೆ, ಆಮೇಲೆ ಮೊದಲ ಸಲ ಎಂಬ ರಿಯಾಯಿತಿಯನ್ನು ನೀವೇ ಕೈಯಾರೆ ಕಳೆದುಕೊಂಡಂತೆ.

ಇನ್ನೊಂದು ಉಳಿಯಿತು. ಕೋರ್ಟಿಗೆ ಹೇಗೆ ಹೋಗುತ್ತೀರಿ? ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ಲೈಸೆನ್ಸ್ ಅವರ ಹತ್ತಿರ ಇದೆ. ಓಡಿಸಬಹುದಾ ಇಲ್ಲವಾ ಅಂತ ವಕೀಲರು ಸ್ಪಷ್ಟವಾಗಿ ಹೇಳುವವರೆಗೆ ‘ಇಲ್ಲೇ ಪಕ್ಕಕ್ಕಲ್ವಾ’ ಅಂತಲೂ ಸ್ಟೀರಿಂಗ್ ಮುಟ್ಟಬೇಡಿ. ನಿಷೇಧ ಇದ್ದಾಗ ಓಡಿಸುವುದು ಬೇರೆಯದೇ ಅಪರಾಧ, ವಿಮೆಯೂ ಕೈಬಿಡಬಹುದು. ಕುಡಿದು ಓಡಿಸಿದ ಕೇಸಿಗೆ ಹಾಜರಾಗಲು ತಾವೇ ಕಾರು ಓಡಿಸಿಕೊಂಡು ಬಂದು, ಕೋರ್ಟಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ ಒಳಗೆ ಹೋಗುವ ಮಹಾನುಭಾವರು ಇದ್ದಾರೆ. ನೀವು ಬಸ್ಸಿನಲ್ಲಿ ಹೋಗಿ. ಹೆಂಡತಿಗೆ ಅಷ್ಟೊತ್ತಿಗೆ ಹೇಳಿರುತ್ತೀರಲ್ಲ, ಅವರಿಗೆ ಮನಸ್ಸಿದ್ದರೆ ಅವರೇ ಬಿಟ್ಟು ಬರಬಹುದು.